ಹಳೆಯ ಕಾರ್ಬೈನಿನ ಅಸಲುತನ

ಅಜ್ಜಿಯ ಕಾಲದ ಒಡವೆಯನ್ನು ಕರಗಿಸಿ ಅದೇ ಮಾದರಿಯಲ್ಲಿ ಮತ್ತೆ ಮಾಡಿಸಿದರೆ ಚಿನ್ನವು ಉಳಿದೀತು. ಅಜ್ಜಿಯ ಒಡವೆ ಉಳಿಯದು. ಹಳೆಯ ವಸ್ತುಗಳನ್ನು ಕೂಡಿಡುವವರೆಲ್ಲರೂ ನೆನಪಿನಲ್ಲಿಡಬೇಕಾದ ಈ ಮಾತು ಅಮೆರಿಕದ ಸಂಗ್ರಾಹಕರು ಬಹುವಾಗಿ ಅರಸುವ ಎಂ1 ಕಾರ್ಬೈನ್ ಎಂಬ ಸೈನಿಕ ಬಂದೂಕಿಗೂ ಸಲ್ಲುವುದು. ಅದರ ಅಸಲುತನವನ್ನು ಬಲ್ಲವರು ಪರೀಕ್ಷಿಸುವ ಬಗೆಯನ್ನು ವಾಚಕರ ಮುಂದಿಡಲು ಇಲ್ಲಿ ಉದ್ದೇಶಿಸಿದ್ದೇವೆ.

ಕಾರ್ಬೈನ್ ಎಂದರೆ ಗಿಡ್ಡ ನಳಿಗೆಯ ಹಗುರವಾದ ಬಂದೂಕು. ಎಂ1 ಮಾದರಿಯನ್ನು ಅಮೆರಿಕದ ಸೇನೆಯು 1941ರಲ್ಲಿ ಅಂಗೀಕರಿಸಿತು. ತೂಕವು ಎರಡೂವರೆ ಕಿಲೋಗ್ರಾಮಿಗೂ ಕಡಿಮೆ. 1942ರಿಂದ 1945ರವರೆಗೆ ಹತ್ತು ಕಂಪೆನಿಗಳು ಇಂತಹ 60 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ತಯಾರಿಸಿದವು. ಇವುಗಳಲ್ಲಿ ಮೊದಲಿನಿಂದಲೂ ಬಂದೂಕಿಗೆ ಹೆಸರಾಗಿದ್ದುದು ವಿಂಚೆಸ್ಟರ್ ಒಂದೇ. ಅಂಡರ್‌ವುಡ್ ಕಂಪೆನಿಯದು ಬೆರಳಚ್ಚು ಯಂತ್ರದ ಕಸುಬು. ರಾಕ್-ಓಲಾದವರು ಕಾಸು ಹಾಕಿದರೆ ಹಾಡುವ ಸಂಗೀತದ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಯುದ್ಧವು ಇವರೆಲ್ಲರನ್ನೂ ಒಂದೇ ಕೆಲಸಕ್ಕೆ ಹೂಡಿತು.

ತಯಾರಕನ ಹೆಸರೂ ಕ್ರಮಸಂಖ್ಯೆಯೂ ರಿಸೀವರ್ ಎಂಬ ಉಕ್ಕಿನ ಒಡಲಿನ ಮೇಲಿರುವುವು. ಬಿಡಿಭಾಗಗಳಲ್ಲಿಯೂ ವಿಂಚೆಸ್ಟರಿಗೆ ಡಬ್ಲ್ಯು, ಅಂಡರ್‌ವುಡ್ಡಿಗೆ ಯು ಎಂಬಂತೆ ಗುರುತಿನ ಅಕ್ಷರಗಳುಂಟು. ಎಲ್ಲ ಭಾಗಗಳ ಮೇಲೂ ಒಂದೇ ಗುರುತಿದ್ದರೆ ಮಾತ್ರ ಅಸಲು ಎಂದು ಹೊಸಬರು ಎಣಿಸುವುದುಂಟು. ಆದರೆ ಆಗಿನ ಅವಸರದಲ್ಲಿ ಒಂದು ಕಾರ್ಖಾನೆಯ ಭಾಗವು ಇನ್ನೊಂದಕ್ಕೆ ಹೋಗುತ್ತಿತ್ತು. ಕ್ವಾಲಿಟಿ ಹಾರ್ಡ್‌ವೇರ್ ಕಂಪೆನಿಯ ಒಡಲಿಗೆ ಅಂಡರ್‌ವುಡ್ಡಿನ ನಳಿಗೆ ಸೇರಿದ್ದರೆ ಅದು ಸಹಜವೇ ಸರಿ.

ನಿಜವಾದ ತೊಡಕು ಯುದ್ಧಾನಂತರದ್ದು. ಸೇನೆಯ ಶಸ್ತ್ರಾಗಾರಗಳಲ್ಲಿ ಈ ಬಂದೂಕುಗಳನ್ನು ಬಿಚ್ಚಿ, ಭಾಗಗಳನ್ನು ಒಟ್ಟಿಗೆ ರಾಶಿ ಹಾಕಿ, ಕೈಗೆ ಸಿಕ್ಕಂತೆ ಮತ್ತೆ ಜೋಡಿಸಿದರು. ಮೊದಲಿದ್ದ ಮಡಿಚುವ ಗುರಿಕಿಂಡಿಯನ್ನು ತೆಗೆದು ಸರಿಹೊಂದಿಸಬಹುದಾದ ದೊಡ್ಡ ಕಿಂಡಿಯನ್ನಿಟ್ಟರು. ಒತ್ತುವ ಸುರಕ್ಷಾಗುಂಡಿಯ ಬದಲು ತಿರುಗಿಸುವ ಕೀಲನ್ನು ಹಾಕಿದರು. ಬಯೊನೆಟ್ ಕತ್ತಿಯನ್ನು ಸಿಕ್ಕಿಸಲು ಅನುಕೂಲವಾದ ಪಟ್ಟಿಯನ್ನು ನಳಿಗೆಗೆ ತೊಡಿಸಿದರು. ಆದುದರಿಂದ ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿರುವ ಕಾರ್ಬೈನು ವಿರಳ.

1963ರಲ್ಲಿ ಅಮೆರಿಕ ಸರ್ಕಾರವು ಸುಮಾರು 2,40,000 ಕಾರ್ಬೈನುಗಳನ್ನು ತಲಾ 20 ಡಾಲರಿನಂತೆ ರೈಫಲ್ ಸಂಘದ ಸದಸ್ಯರಿಗೆ ಮಾರಿತು. ಅನಂತರ ಬೆಲೆಯೇರಿದಂತೆಲ್ಲ, ಹಳೆಯ ಭಾಗಗಳನ್ನು ಹುಡುಕಿ ತಂದು ಮೊದಲಿನ ರೂಪವನ್ನು ಮರಳಿ ಕೊಡುವ ಕಸುಬು ಬೆಳೆಯಿತು. ಹೀಗೆ ಕೂಡಿಸಿದ್ದರಲ್ಲಿ ಪ್ರತಿಯೊಂದು ಭಾಗವೂ ಅಸಲಾಗಿರಬಹುದು. ಬಂದೂಕು ಮಾತ್ರ ಅಸಲಲ್ಲ.

ಇದನ್ನು ಕಂಡುಹಿಡಿಯುವ ಬಗೆ ಹೇಗೆ? ಗುರಿಕಿಂಡಿಯು ಅಲುಗಾಡದಂತೆ ಒಡಲಿನ ಉಕ್ಕನ್ನು ಉಳಿಯಿಂದ ಹೊಡೆದು ಕಚ್ಚಿಸಿರುತ್ತಾರೆ. ದೊಡ್ಡ ಕಿಂಡಿಗಾಗಿ ಹೊಡೆದ ಪೆಟ್ಟಿನ ಗುರುತು, ಚಿಕ್ಕದನ್ನು ಮರಳಿಟ್ಟರೂ ಅಳಿಯದು. ಬೇರೆ ಬೇರೆ ಕಾರ್ಖಾನೆಗಳಲ್ಲಿ ಹುಟ್ಟಿದ ಭಾಗಗಳ ಬಣ್ಣದಲ್ಲಿ ತುಸು ಭೇದವಿರುವುದು ಸಹಜ. ಎಲ್ಲವೂ ಒಂದೇ ಬೂದುಬಣ್ಣವಾಗಿದ್ದರೆ ಮರುಲೇಪವನ್ನು ಶಂಕಿಸಬೇಕು. ಮರದ ಹಿಡಿಯ ಮೇಲೆ ಅಡ್ಡಲಾಗಿ ಇಟ್ಟ ಎರಡು ಫಿರಂಗಿಗಳ ಅಂಗೀಕಾರಮುದ್ರೆ ಇರುವುದು. ಆದರೆ ಈ ಮುದ್ರೆಯನ್ನೇ ಕೃತಕವಾಗಿ ಒತ್ತುವವರೂ ಉಂಟು. ಮಾಸಿದ ಮರದ ಮೇಲೆ ಚೂಪಾದ ಹೊಸ ಮುದ್ರೆ ಕಂಡರೆ ಕೊಳ್ಳುವವನು ಕೈ ಹಿಂತೆಗೆಯುವುದು ಮೇಲು. ಒಂದೇ ಗುರುತನ್ನು ನೆಚ್ಚದೆ, ಮರ, ಲೋಹ, ಸವೆತ ಇವೆಲ್ಲವೂ ಒಂದೇ ಕಥೆಯನ್ನು ಹೇಳುತ್ತವೆಯೇ ಎಂಬುದನ್ನು ನೋಡಬೇಕು.

ನಮ್ಮ ಮನಸ್ಸಿಗೆ ನೋವಾಗುವ ವಿಷಯವು ಇನ್ನೊಂದುಂಟು. ಅಗಸ್ಟ ಶಸ್ತ್ರಾಗಾರದಲ್ಲಿ ರಿಪೇರಿಯಾದ ಬಂದೂಕಿನ ಹಿಡಿಯ ಮೇಲೆ ಎಎ ಎಂಬ ಮುದ್ರೆಯಿರುವುದು. ಯುದ್ಧಾನಂತರ ಜರ್ಮನಿಯ ಬವೇರಿಯ ಪೊಲೀಸರ ಕೈಸೇರಿದ ಕಾರ್ಬೈನುಗಳಲ್ಲಿ ಆ ಪೊಲೀಸರ ಹೆಸರನ್ನೇ ಕೆತ್ತಿರುವರು. ಇವು ಕಳಂಕಗಳಲ್ಲ, ಬಂದೂಕಿನ ಜೀವನಚರಿತ್ರೆಯ ಪುಟಗಳು. ಹೆಚ್ಚಿನ ಬೆಲೆಯ ಆಸೆಗೆ ಇಂತಹ ಹಿಡಿಯನ್ನು ಕಳಚಿ ಬೇರೊಂದನ್ನು ತೊಡಿಸುವವನು, ನಡೆದುದನ್ನು ಅಳಿಸಿ ನಡೆಯದುದನ್ನು ಬರೆದಂತಾಯಿತು. ಮುಂದೆ ಕೊಳ್ಳುವವನಿಗೆ ಹಣದ ನಷ್ಟ. ಚರಿತ್ರೆಗೆ ಒಬ್ಬ ಸಾಕ್ಷಿಯ ನಷ್ಟ.

ಬದಲಾವಣೆ ಮಾಡಲೇಬೇಕೆನಿಸಿದರೆ, ತೆಗೆದ ಭಾಗಗಳನ್ನು ಜೋಪಾನವಾಗಿಟ್ಟು, ಮಾಡಿದುದನ್ನು ಬರೆದಿಟ್ಟು, ಮಾರುವಾಗ ಅದನ್ನು ಮುಚ್ಚಿಡದೆ ಹೇಳುವುದು ಸಜ್ಜನರ ಲಕ್ಷಣ. ಜೋಡಿಸಿದ್ದನ್ನು ಜೋಡಿಸಿದ್ದೆಂದೇ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ.