ಪ್ರಯೋಗಶಾಲೆಯ ತ್ಯಾಜ್ಯ: ಮರೆತರೂ ಮರೆಯಾಗದ ಅಪಾಯ

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ವಿಜ್ಞಾನ ವಿಷಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನೂ ಸಂಶೋಧನೆಯನ್ನೂ ಕೈಗೊಂಡಿದ್ದಾರೆ. ಅವರು ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾರೆಂದು ನಾವು ಅಭಿಮಾನದಿಂದ ವಿಚಾರಿಸುತ್ತೇವೆ. ಆದರೆ ಪ್ರಯೋಗ ಮುಗಿದ ಬಳಿಕ ಉಳಿದ ದ್ರಾವಣ, ಒಡೆದ ಗಾಜು, ಕೆಟ್ಟುಹೋದ ಉಪಕರಣ ಇವೆಲ್ಲ ಎಲ್ಲಿಗೆ ಹೋಗುತ್ತವೆಂದು ಕೇಳುವವರು ವಿರಳ. ಈ ಪ್ರಶ್ನೆ ಎಷ್ಟು ಗುರುತರವಾದುದೆಂಬುದನ್ನು 2010ರಲ್ಲಿ ದೆಹಲಿಯಲ್ಲಿ ಸಂಭವಿಸಿದ ದುರಂತವೊಂದು ತೋರಿಸಿಕೊಟ್ಟಿತು.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾ ದೇಶದಿಂದ ತರಿಸಿದ ‘ಗಾಮಾ ಸೆಲ್’ ಎಂಬ ಯಂತ್ರವೊಂದಿತ್ತು. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದ ಕಡ್ಡಿಗಳನ್ನು ಒಳಗಿರಿಸಿ, ಸುತ್ತಲೂ ದಪ್ಪನೆಯ ಸೀಸದ ಕವಚವನ್ನು ತೊಡಿಸಿದ ಯಂತ್ರವದು. ಕವಚ ಭದ್ರವಾಗಿರುವವರೆಗೆ ಅದರ ಪಕ್ಕದಲ್ಲಿ ನಿಂತು ಕೆಲಸ ಮಾಡಬಹುದು. 1985ರ ಬಳಿಕ ಅದರ ಬಳಕೆ ನಿಂತುಹೋಯಿತು. ಕೋಬಾಲ್ಟ್-60ರ ವಿಕಿರಣವು ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಂತೆ 25 ವರ್ಷಗಳ ತರುವಾಯ ಉಳಿದದ್ದು 27ರಲ್ಲಿ ಒಂದು ಪಾಲು ಮಾತ್ರ. ಒಂದು ಜೀವವನ್ನು ಬಲಿ ತೆಗೆದುಕೊಳ್ಳಲು ಅಷ್ಟೇ ಸಾಕಾಯಿತು.

2010ರ ಫೆಬ್ರವರಿಯಲ್ಲಿ ಈ ಯಂತ್ರವು ಹಳೆಯ ಸಾಮಾನೆಂದು ಹರಾಜಾಗಿ, ಮಾಯಾಪುರಿಯ ಗುಜರಿ ವ್ಯಾಪಾರಿಗಳ ಕೈಸೇರಿತು. ಅವರ ಕಣ್ಣಿಗೆ ಅದು ಒಳ್ಳೆಯ ಬೆಲೆ ಬಾಳುವ ಸೀಸ. ಕವಚವನ್ನು ಬಿಚ್ಚಿದಾಗ ಒಳಗಿನ ಕಡ್ಡಿಗಳು ಹೊರಬಿದ್ದವು. ಅವುಗಳಲ್ಲಿ ಕತ್ತರಿಸಿದ ತುಣುಕೊಂದನ್ನು ವ್ಯಾಪಾರಿಯೊಬ್ಬರು ತಮ್ಮ ಪರ್ಸಿನಲ್ಲಿಯೇ ಇರಿಸಿಕೊಂಡಿದ್ದರು! ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಾಗಿದಾಗ ನೋವೂ ಇಲ್ಲ. ದಿನಗಳುರುಳಿದಂತೆ ವಾಂತಿ ತೊಡಗಿತು, ಚರ್ಮ ಕಪ್ಪಾಯಿತು, ಕೂದಲು ಉದುರಿತು. ಏಪ್ರಿಲ್ ಮೊದಲ ವಾರದಲ್ಲಿ ವೈದ್ಯರಿಗೆ ಸಂಶಯ ಬಂದು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸುದ್ದಿ ಮುಟ್ಟಿತು. ತಜ್ಞರು ಗುಜರಿ ಅಂಗಡಿಗಳನ್ನು ಶೋಧಿಸಿ, ಸಿಕ್ಕ ತುಣುಕುಗಳನ್ನು ಭದ್ರಪಡಿಸಿ ನರೋರಾ ಅಣುವಿದ್ಯುತ್ ಕೇಂದ್ರಕ್ಕೆ ಸಾಗಿಸಿದರು. ಹಲವರು ಆಸ್ಪತ್ರೆ ಸೇರಿದರು. ಕೂಲಿ ಕೆಲಸಗಾರರೊಬ್ಬರು ಏಪ್ರಿಲ್ 26ರಂದು ಅಸುನೀಗಿದರು.

ಇಲ್ಲಿ ಗುಜರಿಯವರನ್ನು ದೂಷಿಸುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ವಿಕಿರಣ ಮೂಲವನ್ನು ಮಂಡಳಿಯ ಅನುಮತಿಯಿಲ್ಲದೆ ವಿಲೇವಾರಿ ಮಾಡಬಾರದೆಂಬ ನಿಯಮ ಆಗಲೇ ಇತ್ತು. ನಿಯಮವಿದ್ದರೂ ಯಂತ್ರದೊಳಗೆ ಏನಿದೆಯೆಂಬ ಅರಿವು ಹರಾಜಿನ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ವಿದ್ಯಾವಂತರ ಮರೆವಿಗೆ ಅಕ್ಷರವರಿಯದ ಶ್ರಮಿಕ ಬೆಲೆ ತೆರಬೇಕಾಯಿತು. ಅನಂತರ ಮಂಡಳಿಯು ಆ ವಿಶ್ವವಿದ್ಯಾಲಯದಲ್ಲಿ ವಿಕಿರಣ ಮೂಲಗಳ ಬಳಕೆಯನ್ನೇ ತಡೆಹಿಡಿಯಿತು. ವಿಕಿರಣವನ್ನು ಸೂಚಿಸುವ ಮೂರೆಸಳಿನ ಗುರುತು ಸಾಮಾನ್ಯರಿಗೆ ಅರ್ಥವಾಗುವುದಿಲ್ಲವೆಂದು ಮನಗಂಡೇ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ತಲೆಬುರುಡೆಯನ್ನೂ ಓಡುವ ಮನುಷ್ಯನನ್ನೂ ಸೇರಿಸಿದ ಹೊಸ ಚಿಹ್ನೆಯನ್ನು ಜಾರಿಗೆ ತಂದಿತ್ತೆಂಬುದು ಇಲ್ಲಿ ನೆನೆಯತಕ್ಕದ್ದು.

ಗಾಮಾ ಯಂತ್ರ ಎಲ್ಲ ಕಾಲೇಜುಗಳಲ್ಲಿಯೂ ಇರುವುದಿಲ್ಲ. ಹೆಸರಿನ ಚೀಟಿ ಅಳಿಸಿಹೋದ ಹಳೆಯ ಬಾಟಲಿ ಮಾತ್ರ ಯಾವ ಕಪಾಟಿನಲ್ಲಿಯೂ ಇರಬಹುದು. ಪಿಕ್ರಿಕ್ ಆಮ್ಲವನ್ನು ನೀರಿನಲ್ಲಿ ತೋಯಿಸಿಯೇ ಇಡುತ್ತಾರೆ. ವರ್ಷಗಟ್ಟಲೆ ಬಿಟ್ಟು ಅದು ಒಣಗಿದರೆ, ಮುಚ್ಚಳ ತಿರುಗಿಸುವಾಗಿನ ಘರ್ಷಣೆಯಿಂದಲೇ ಸಿಡಿಯಬಲ್ಲದು. ಗಾಳಿ ತಾಗಿದ ಹಳೆಯ ಈಥರ್‌ನಲ್ಲಿಯೂ ಸ್ಫೋಟಕ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಇಂತಹ ಬಾಟಲಿಯನ್ನು ಕಂಡ ವಿದ್ಯಾರ್ಥಿ ಅದನ್ನು ಮುಟ್ಟದೆ ಅಧ್ಯಾಪಕರಿಗೆ ತಿಳಿಸಬೇಕು. ನೈಟ್ರಿಕ್ ಆಮ್ಲದ ತ್ಯಾಜ್ಯವನ್ನೂ ಆಲ್ಕೋಹಾಲಿನಂತಹ ದ್ರಾವಕವನ್ನೂ ಒಂದೇ ಬಾಟಲಿಗೆ ಸುರಿದು ಬಿಗಿಯಾಗಿ ಮುಚ್ಚಿದರೆ, ಒಳಗೆ ಅನಿಲ ತುಂಬಿ ಬಾಟಲಿ ಒಡೆಯುತ್ತದೆ. ಕ್ಲೋರೋಫಾರ್ಮ್ ಮೊದಲಾದ ಕ್ಲೋರಿನ್‌ಯುಕ್ತ ದ್ರಾವಕಗಳು ಸುಟ್ಟಾಗ ಆಮ್ಲದ ಹೊಗೆ ಏಳುವುದರಿಂದ ಅವುಗಳಿಗೆ ಬೇರೆಯೇ ಪಾತ್ರೆ ಬೇಕು. ಯಾವುದನ್ನೂ ತೊಟ್ಟಿಗೆ ಸುರಿಯಲಾಗದು. ತೊಟ್ಟಿಯ ಕೊಳವೆ ಕೊನೆಗೆ ಸೇರುವುದು ಊರಿನ ಕೆರೆಯನ್ನೇ ಅಲ್ಲವೆ?

2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕರ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕೂಡಿಡುವಂತಿಲ್ಲ. ಅಧಿಕೃತ ಕೇಂದ್ರಗಳಿಗೇ ಒಪ್ಪಿಸಬೇಕು. ನಮ್ಮ ರಾಜ್ಯದ ದಾಬಸ್‌ಪೇಟೆಯಲ್ಲಿ ಅಂತಹ ಕೇಂದ್ರವಿದೆ. ಕಾಲೇಜಿನ ಪಾಲಕರ ಸಭೆಯಲ್ಲಿ ಶುಲ್ಕ, ಹಾಜರಾತಿಗಳ ಮಾತು ಮುಗಿದ ಮೇಲೆ, ತ್ಯಾಜ್ಯವನ್ನು ಯಾರಿಗೆ ಒಪ್ಪಿಸುತ್ತೀರಿ, ಅದರ ದಾಖಲೆಯನ್ನು ಯಾರು ಇಡುತ್ತಾರೆ ಎಂದು ನಾವು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮನೆಯ ತಾಯಂದಿರಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ಮಕ್ಕಳು ಪ್ರಯೋಗಶಾಲೆಯಿಂದ ತರುವ ಬಿಳಿಯ ನಿಲುವಂಗಿಯನ್ನು ಮನೆಯವರ ಬಟ್ಟೆಗಳೊಡನೆ ನೆನೆಹಾಕದೆ ಬೇರೆಯಾಗಿ ಒಗೆಯಬೇಕು. ರಾಸಾಯನಿಕ ಚೆಲ್ಲಿದ್ದರಂತೂ ಅದನ್ನು ಮನೆಗೆ ತರಲೇಬಾರದು. ಅಧ್ಯಾಪಕರಿಗೆ ತಿಳಿಸಿ ಅಲ್ಲಿಯೇ ಬಿಟ್ಟುಬರುವಂತೆ ಮಕ್ಕಳಿಗೆ ಮೊದಲೇ ಹೇಳಿಡಬೇಕು.