ಎರಡು ಲಿಪಿ, ಒಂದೇ ಕೋಡ್

ಸೊಲ್ಲಾಪುರದಲ್ಲಿ ಇ-ಮೇಲ್‌ನ ವಿಷಯಸಾಲಿನಲ್ಲಿ ಕನ್ನಡ, ಮರಾಠಿ ಜೊತೆಯಾಗಿ ಬಂದರೆ ಯಾರಿಗೂ ಅಚ್ಚರಿಯಿಲ್ಲ. ಸಿದ್ಧೇಶ್ವರನ ಸಂಕ್ರಾಂತಿ ಜಾತ್ರೆಯ ಆಮಂತ್ರಣವಿರಲಿ, ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯ ಸಭೆಯಿರಲಿ, ಎರಡೂ ಲಿಪಿ ಬೇಕು. ಬರಹವನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಎರಡಕ್ಕೂ ಲೆಕ್ಕ ಒಂದೇ: ಪ್ರತಿ ಚಿಹ್ನೆಗೆ 3 ಬೈಟ್. ಕನ್ನಡದ ‘ಸೊಲ್ಲಾಪುರ’ 27 ಬೈಟ್, ದೇವನಾಗರಿಯ ‘ಸೋಲಾಪೂರ’ 21.

ಇಂಗ್ಲಿಷೇತರ ವಿಷಯಸಾಲನ್ನು ತುಂಡುಗಳಾಗಿ ಕಳಿಸಲು 1996ರ ನಿಯಮವೊಂದಿದೆ. ರೋಮನ್ ರೂಪಕ್ಕೆ ತಂದ ಒಂದು ತುಂಡು 75 ಅಕ್ಷರ ಮೀರಬಾರದು. ಒಂದೇ ಚಿಹ್ನೆಯ ಬೈಟ್‌ಗಳು ಎರಡು ತುಂಡಿಗೆ ಹಂಚಿಹೋಗಬಾರದು. ಹಂಚಿದರೆ ಓದುವವರಿಗೆ ಊರಿನ ಹೆಸರಿನ ನಡುವೆ ಪ್ರಶ್ನೆಗುರುತು ಕಾಣಬಹುದು.

ಇದನ್ನು ಸರಿಪಡಿಸುವ ಕೋಡಿಗೆ ಏನೆಂದು ಹೆಸರಿಡಬೇಕು? ‘ಕನ್ನಡ’ ಎಂದಿಟ್ಟರೆ ಮರಾಠಿಯ ತೊಂದರೆ ಕಂಡವರು ಅದನ್ನು ತೆರೆದೂ ನೋಡದೆ ಇನ್ನೊಂದು ಬರೆಯುತ್ತಾರೆ. ಒಂದೇ ಕೆಲಸಕ್ಕೆ ಎರಡು ಪ್ರತಿ. ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಬರೀ ‘ಯುಟಿಲ್’ (ಯುಟಿಲಿಟಿ, ಅಂದರೆ ಉಪಯುಕ್ತ ಸಾಮಗ್ರಿ) ಎಂದರೂ ಕಷ್ಟ. ಅಟ್ಟದ ಮೇಲೆ ಸಾಮಾನು ಸೇರುವಂತೆ ಎಲ್ಲವೂ ಅಲ್ಲಿಗೇ ಹೋಗುತ್ತದೆ.

ವೀಟ್ಸೆ ವೆನೆಮಾ 1998ರಲ್ಲಿ ಬಿಡುಗಡೆ ಮಾಡಿದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ತನ್ನ ‘ಯುಟಿಲ್’ ಕಡತಕೋಶಕ್ಕೆ ಮಿತಿ ಹಾಕಿದೆ. ಅಂಚೆಗೆ ಸಂಬಂಧಿಸದ ಸಾಮಾನ್ಯ ಕೆಲಸಗಳು ಮಾತ್ರ ಅಲ್ಲಿರುತ್ತವೆ. ಅಂಚೆಗೇ ಸಂಬಂಧಿಸಿದ, ಹಲವು ಭಾಗಗಳು ಹಂಚಿಕೊಳ್ಳುವ ಕೋಡ್ ‘ಗ್ಲೋಬಲ್’ನಲ್ಲಿದೆ. 2015ರಲ್ಲಿ ಕನ್ನಡದಂಥ ಲಿಪಿಗಳ ವಿಳಾಸಕ್ಕೆ ಬೆಂಬಲ ಬಂದಾಗಲೂ ಈ ಗೆರೆ ಅಳಿಸಲಿಲ್ಲ: ‘.ಭಾರತ’ದಂಥ ಡೊಮೇನ್ ಹೆಸರನ್ನು ರೋಮನ್ ರೂಪಕ್ಕೆ ತರುವ ‘ಮಿಡ್ನಾ ಡೊಮೇನ್’ ಯುಟಿಲ್‌ಗೆ ಹೋಯಿತು, ಅಂಚೆಗೇ ಸಂಬಂಧಿಸಿದ ‘ಎಸ್‌ಎಂಟಿಪಿಯುಟಿಎಫ್8’ ಗ್ಲೋಬಲ್‌ಗೆ. ವಿಂಗಡಣೆ ಸೊಗಸಾಗಿದೆ, ಆದರೆ ‘ಗ್ಲೋಬಲ್’ ಎಂಬ ಹೆಸರು ನನಗೆ ಒಪ್ಪಿಗೆಯಿಲ್ಲ. ಒಳಗೆ ಅಂಚೆಯ ಕೆಲಸವಿದೆ ಎಂದು ಅದು ಹೇಳುವುದೇ ಇಲ್ಲ. ಫಿನ್ಲೆಂಡಿನ ಟಿಮೊ ಸಿರೈನೆನ್ ಅವರ ಡವ್‌ಕಾಟ್ ಎಂಬ ಇನ್ನೊಂದು ಮೇಲ್ ತಂತ್ರಾಂಶ ಹೊಸಬರಿಗೆ ಹೆಚ್ಚು ನೆರವಾಗುತ್ತದೆ. ಅಲ್ಲಿ ‘ಲಿಬ್-ಮೇಲ್’, ‘ಲಿಬ್-ಐಮ್ಯಾಪ್’, ‘ಲಿಬ್-ಚಾರ್‌ಸೆಟ್’ ಬೇರೆಬೇರೆ. ವಿಷಯಸಾಲಿನ ತೊಂದರೆ ಹುಡುಕುವವರು ಲಿಬ್-ಮೇಲ್‌ಗೆ ಹೋದರೆ ‘ಮೆಸೇಜ್-ಹೆಡರ್-ಎನ್‌ಕೋಡ್’ ಎಂಬ ಕಡತ ಸಿಗುತ್ತದೆ.

ಸೊಲ್ಲಾಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಕೋಡಿಗೆ ಕೈ ಹಾಕಬೇಕೆಂದು ನನ್ನ ಆಸೆ. ಎರಡು ಲಿಪಿಗಳ ನಡುವೆ ಬೆಳೆದವರಿಗೆ ಬೇಗ ಕಾಣುವ ಒಂದು ಸೂಕ್ಷ್ಮ ಇಲ್ಲಿದೆ. ‘ಲ್ಲಾ’ ಓದುವವರಿಗೆ ಒಂದಕ್ಷರ, ಯೂನಿಕೋಡ್‌ನಲ್ಲಿ 4 ಚಿಹ್ನೆ. ಮೇಲ್ ಸಾಗಿಸುವಾಗ ಆ ನಾಲ್ಕರ ನಡುವೆ ಕತ್ತರಿಸಿದರೂ ತೊಂದರೆಯಿಲ್ಲ, ತಲುಪಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಮೊಬೈಲ್ ಪರದೆಗಾಗಿ ಉದ್ದನೆಯ ವಿಷಯಸಾಲನ್ನು ಮೊಟಕುಗೊಳಿಸುವಾಗ ಅಲ್ಲಿ ಕತ್ತರಿಸಿದರೆ ಒತ್ತಕ್ಷರವೇ ಬಿದ್ದುಹೋಗಬಹುದು. ಎರಡಕ್ಕೂ ‘ಟ್ರಂಕೇಟ್’ (ಕತ್ತರಿಸು) ಎಂಬ ಒಂದೇ ಹೆಸರು ಸಾಲದು. ಒಂದು ಚಿಹ್ನೆಯ ಗಡಿಯಲ್ಲಿ, ಇನ್ನೊಂದು ಅಕ್ಷರದ ಗಡಿಯಲ್ಲಿ ಕತ್ತರಿಸುತ್ತದೆಂದು ಹೆಸರಿನಲ್ಲೇ ಇರಬೇಕು.