ವಾಲಿದ ಅಕ್ವೇರಿಯಂ ಮಟ್ಟಗೊಳಿಸುವುದು: ಅಳೆದು ಕಲಿಸುವ ಒಂದು ಪಾಠ

ಮನೆಯ ಅಕ್ವೇರಿಯಂ ಇಟ್ಟ ದಿನ ಮಟ್ಟವಾಗಿಯೇ ಇರುತ್ತದೆ. ವರ್ಷ ಕಳೆದಂತೆ ಚೆಲ್ಲಿದ ನೀರು ಹೀರಿ ಸ್ಟ್ಯಾಂಡಿನ ಹಲಗೆ ಉಬ್ಬುತ್ತದೆ. ಎರೆಮಣ್ಣಿನ ಊರುಗಳಲ್ಲಿ ನೆಲವೇ ಏರಿಳಿಯುತ್ತದೆ. ಆಗ ನೀರಿನ ಗೆರೆ ಒಂದು ಕಡೆ ಅಂಚಿಗೆ ಹತ್ತಿರ, ಇನ್ನೊಂದು ಕಡೆ ದೂರ. ಇದರ ಚಿತ್ರ ಬರೆದು ‘ಏನಾಗಿದೆ?’ ಎಂದು ಕೇಳಿದರೆ, ‘ಎಡಗಡೆ ನೀರು ಏರಿದೆ’ ಎಂಬ ಉತ್ತರ ಸಹಜ. ಪಾಠ ಇಲ್ಲಿಂದಲೇ ಶುರುವಾಗಲಿ. ನಿಂತ ನೀರಿನ ಮೇಲ್ಮೈ ಸದಾ ಮಟ್ಟ. ನೀರು ಏರಿಲ್ಲ, ಗಾಜು ಇಳಿದಿದೆ. ಗಾರೆ ಕೆಲಸದವರು ಪಾರದರ್ಶಕ ಪೈಪಿಗೆ ನೀರು ತುಂಬಿ ಗೋಡೆಯ ಮಟ್ಟ ಗುರುತಿಸುವುದನ್ನು ಕಂಡ ಮಕ್ಕಳು ಇದನ್ನು ಬೇಗ ಒಪ್ಪುತ್ತಾರೆ.

ಅಂದರೆ ಅಕ್ವೇರಿಯಂ ತನ್ನ ರಸಮಟ್ಟವನ್ನು ತನ್ನಲ್ಲೇ ಇಟ್ಟುಕೊಂಡಿದೆ. ಫಿಲ್ಟರ್ ನಿಲ್ಲಿಸಿ, ನಾಲ್ಕೂ ಮೂಲೆಗಳಲ್ಲಿ ಅಂಚಿನಿಂದ ನೀರಿನವರೆಗೆ ಅಳೆಯಬೇಕು. ಸುತ್ತುವರಿದು 3.2, 4.4, 4.6, 3.4 ಸೆಂ.ಮೀ. ಬಂದಿತೆನ್ನಿ. ಎದುರು ಬದುರು ಮೂಲೆಗಳನ್ನು ಕೂಡಿಸಿದರೆ ಎರಡೂ ಸಲ 7.8. ಮೊತ್ತಗಳು ಸಮವಾದರೆ ತೊಟ್ಟಿ ಇಡಿಯಾಗಿ ವಾಲಿದೆ. ಮತ್ತೆ ಅಳೆದರೂ ಸಮವಾಗದಿದ್ದರೆ ತಿರುಚಿಕೊಂಡಿರಬಹುದು. ತಡಮಾಡದೆ ಖಾಲಿ ಮಾಡಬೇಕು.

ಅಪಾಯವಿರುವುದು ಈ ತಿರುಚಿನಲ್ಲಿ. ವಾಲಿದ ಕಡೆ ನೀರಿನ ಭಾರವೆಲ್ಲ ಬಿದ್ದು ಗಾಜು ಒಡೆಯುತ್ತದೆಂದು ಪ್ರಶಿಕ್ಷಣಾರ್ಥಿಗಳೂ ಬರೆಯುವುದುಂಟು. ಆದರೆ ದ್ರವದ ಒತ್ತಡ ಆಳವನ್ನು ಅವಲಂಬಿಸಿದೆ. 30 ಸೆಂ.ಮೀ. ಎತ್ತರದ ಈ ತೊಟ್ಟಿಯಲ್ಲಿ ತಗ್ಗಿದ ತುದಿಯ ಆಳ ಹೆಚ್ಚುವುದು ಸುಮಾರು 0.6 ಸೆಂ.ಮೀ.; ತಳದ ಒತ್ತಡ ಶೇ. 2ರಷ್ಟು ಮಾತ್ರ. ಗಾಜು ಅದನ್ನು ತಾಳುತ್ತದೆ. ಒಂದು ಮೂಲೆಗೆ ಆಸರೆ ತಪ್ಪಿದರೆ ತಾಳದು.

ಸರಿಪಡಿಸುವಾಗ ತುಂಬಿದ ತೊಟ್ಟಿಯನ್ನು ಎತ್ತಲೇಬಾರದು. 60×30×30 ಸೆಂ.ಮೀ. ತೊಟ್ಟಿ ತುಂಬಿದರೆ 54 ಲೀಟರ್, ನೀರೊಂದೇ 54 ಕಿಲೋ. ವಿದ್ಯುತ್ ತೆಗೆದು, ಮೀನುಗಳನ್ನೂ ಫಿಲ್ಟರಿನ ಸ್ಪಂಜನ್ನೂ ಅದೇ ನೀರಿರುವ ಬಕೆಟ್ಟಿಗೆ ಹಾಕಿ, ಗಾಳಿ ಪಂಪು ಬಿಡಿ. ಸ್ಪಂಜನ್ನು ನಲ್ಲಿಯಲ್ಲಿ ತೊಳೆದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಸಾಯಬಹುದು. ನೀರು, ಕಲ್ಲು ತೆಗೆದು ತೊಟ್ಟಿಯನ್ನು ಇಳಿಸಿ, ಸ್ಟ್ಯಾಂಡಿನ ಕಾಲಿನಡಿ ಗಟ್ಟಿ ಪ್ಲಾಸ್ಟಿಕ್ ಬೆಣೆ ಕೊಡಬೇಕು. ಗಾಜಿನಡಿ ಬೆಣೆ ಕೊಟ್ಟರೆ ನಾವೇ ತಿರುಚಿದಂತೆ. ರಟ್ಟು ಬೇಡ, ನೆನೆದು ಕುಗ್ಗುತ್ತದೆ.

ಬೆಣೆಯ ದಪ್ಪಕ್ಕೆ ಸಮರೂಪ ತ್ರಿಭುಜ ಸಾಕು. 60 ಸೆಂ.ಮೀ.ಗೆ 1.2 ಸೆಂ.ಮೀ. ಇಳಿದಿದ್ದರೆ, 75 ಸೆಂ.ಮೀ. ಅಂತರದ ಕಾಲುಗಳಿಗೆ 1.5 ಸೆಂ.ಮೀ. ನೀರು ಅಂಚಿಗೆ ಹತ್ತಿರವಿರುವ ಕಡೆಯ ಕಾಲುಗಳೇ ತಗ್ಗಿರುವುದು, ಬೆಣೆ ಅಲ್ಲಿಗೆ. ಅರ್ಧ ತುಂಬಿಸಿ ಮತ್ತೆ ಅಳೆದು, ಸರಿಯಿದ್ದರೆ ಮಾತ್ರ ಪೂರ್ತಿ ತುಂಬಿಸಬೇಕು.

ಬೋಧನಾಭ್ಯಾಸಕ್ಕೆ ನಿಜವಾದ ಅಕ್ವೇರಿಯಂ ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಬಣ್ಣದ ನೀರು, ಒಂದು ತುದಿಗೆ ಪುಸ್ತಕ ಇದ್ದರಾಯಿತು. ಮೌಲ್ಯಮಾಪನಕ್ಕೆ ಹೀಗೆ ಕೇಳಿ: ನಾಲ್ಕು ಮೂಲೆಗಳ ಅಳತೆ 3.0, 4.0, 4.5, 3.1 ಸೆಂ.ಮೀ.; ಮೊದಲು ಏನು ಮಾಡುವಿರಿ? ನೇರವಾಗಿ ಬೆಣೆಯ ಲೆಕ್ಕಕ್ಕೆ ಇಳಿದವರಿಗೆ ಮೂಲೆಗಳನ್ನು ಕೂಡಿಸಲು ಹೇಳಿ.